ಒಂದೇ ಕಾದಂಬರಿ, ಎರಡು ಚೀಟಿ: ‘ಬೇರ್‌ಟೌನ್’ ಓದಿಸಿದ ಅನುಭವ

‘ಪುಸ್ತಕ ಹೇಗಿತ್ತು?’ ಎಂದು ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುವುದು ಕಡಿಮೆ. ‘ಚೆನ್ನಾಗಿತ್ತು’, ‘ಸ್ವಲ್ಪ ಎಳೆದಿದ್ದಾರೆ’, ‘ಕೊನೆ ಯಾಕೋ ಇಷ್ಟ ಆಗಲಿಲ್ಲ’. ಅಷ್ಟರಲ್ಲಿ ಕಾಫಿ ಬರುತ್ತದೆ, ಮಾತು ಬೇರೆ ಕಡೆ ಹೊರಳುತ್ತದೆ. ಮೈಸೂರಿನಲ್ಲಿ ನಮ್ಮ ಬಡಾವಣೆಯ ಓದುಗರ ಬಳಗದಲ್ಲಿ ಎಷ್ಟೋ ಪುಸ್ತಕಗಳು ಹೀಗೆ ಕಾಫಿಯ ಜೊತೆಗೇ ಮುಗಿದುಹೋಗಿವೆ. ಪುಸ್ತಕ ಆರಿಸುವ ಸರದಿ ನನಗೆ ಬಂದಾಗ, ಅಭಿಪ್ರಾಯ ಕೇಳುವ ರೀತಿಯನ್ನೇ ಬದಲಾಯಿಸಿ ನೋಡೋಣ ಅನ್ನಿಸಿತು. ಒಂದೇ ಕಾದಂಬರಿಯ ಬಗ್ಗೆ ಎರಡು ಸಲ ಬರೆಸಿದೆ. ಮಧ್ಯದಲ್ಲಿ ಒಮ್ಮೆ, ಮುಗಿದ ಮೇಲೆ ಒಮ್ಮೆ. ಹೆಸರಿಲ್ಲದ ಚೀಟಿಗಳು.

ಕಾದಂಬರಿ ಫ್ರೆಡ್ರಿಕ್ ಬಾಕ್‌ಮನ್ ಅವರ ‘ಬೇರ್‌ಟೌನ್’. ಸ್ವೀಡನ್ನಿನಲ್ಲಿ 2016ರಲ್ಲಿ ಬಂತು. ನೀಲ್ ಸ್ಮಿತ್ ಮಾಡಿದ ಇಂಗ್ಲಿಷ್ ಅನುವಾದ ಮರುವರ್ಷವೇ ಬಂತು. ನಾವು ಓದಿದ್ದು ಇಂಗ್ಲಿಷಿನಲ್ಲಿ, ಮಾತಾಡಿದ್ದು ಕನ್ನಡದಲ್ಲಿ. ನಾನು ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರಾಗಿದ್ದು ನಿವೃತ್ತನಾದವನು. ‘ಮೇಷ್ಟ್ರು ಆಟದ ಪುಸ್ತಕ ಬಿಟ್ಟು ಇನ್ನೇನು ತರ್ತಾರೆ ಬಿಡಿ’ ಎಂದು ಬಳಗದಲ್ಲಿ ಒಬ್ಬರು ನಕ್ಕರು. ನಗಲಿ ಅಂತ ಸುಮ್ಮನಿದ್ದೆ. ಎಲ್ಲರೂ ಇದನ್ನು ಆಟದ ಪುಸ್ತಕ ಅಂದುಕೊಂಡೇ ಶುರು ಮಾಡಬೇಕು ಎನ್ನುವುದು ನನ್ನ ಆಸೆಯಾಗಿತ್ತು.

ಮುಂದೆ ಕಥೆಯ ದೊಡ್ಡ ತಿರುವನ್ನು ಹೇಳದೆ ವಿಧಿಯಿಲ್ಲ. ಏನೂ ಗೊತ್ತಿಲ್ಲದೆ ಓದಬೇಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಕೊನೆಯಲ್ಲಿ ಕಾಡಿನೊಳಗೆ ಏನಾಗುತ್ತದೆ ಎನ್ನುವುದನ್ನು ಮಾತ್ರ ನಾನು ಹೇಳುವುದಿಲ್ಲ.

ಕಥೆ ಇಷ್ಟು. ಸ್ವೀಡನ್ನಿನ ಕಾಡಿನ ಮಧ್ಯೆ ಬೇರ್‌ಟೌನ್ ಅನ್ನುವ ಊರು. ಕೆಲಸ ಕಡಿಮೆಯಾಗುತ್ತಿದೆ, ಮನೆಗಳು ಖಾಲಿಯಾಗುತ್ತಿವೆ. ಉಳಿದಿರುವುದು ಐಸ್ ಹಾಕಿ ಒಂದೇ. ಜೂನಿಯರ್ ಟೀಮ್ ದೇಶದ ಸೆಮಿಫೈನಲ್‌ಗೆ ಬಂದಿದೆ. ಹುಡುಗರು ಗೆದ್ದರೆ ಊರಿಗೆ ಹಾಕಿ ಶಾಲೆ ಬರುತ್ತದೆ, ಅದರ ಹಿಂದೆ ಹೊಸ ಅರೀನಾ, ಅಂಗಡಿ, ಕೆಲಸ ಎಲ್ಲ ಬರುತ್ತದೆ ಎಂದು ದೊಡ್ಡವರು ಲೆಕ್ಕ ಹಾಕಿ ಕೂತಿದ್ದಾರೆ. ಹದಿನೇಳು ವರ್ಷದ ಕೆವಿನ್ ಆ ಟೀಮಿನ ಹೀರೋ. ಸೆಮಿಫೈನಲ್ ಗೆದ್ದ ರಾತ್ರಿ ಅವನ ಮನೆಯಲ್ಲಿ ಪಾರ್ಟಿ. ಅಲ್ಲಿ ಅವನು ಮಾಯಾ ಎಂಬ ಹದಿನೈದು ವರ್ಷದ ಹುಡುಗಿಯ ಮೇಲೆ ಅತ್ಯಾಚಾರ ಮಾಡುತ್ತಾನೆ. ಆಕೆ ಕ್ಲಬ್ಬಿನ ಮ್ಯಾನೇಜರ್ ಪೀಟರ್ ಅವರ ಮಗಳು. ಫೈನಲ್ ದಿನ ಟೀಮಿನ ಬಸ್ಸಿನಿಂದಲೇ ಪೊಲೀಸರು ಕೆವಿನ್‌ನನ್ನು ಕರೆದುಕೊಂಡು ಹೋಗುತ್ತಾರೆ. ಟೀಮ್ ಸೋಲುತ್ತದೆ. ಊರು ಯಾರ ಮೇಲೆ ತಿರುಗಿ ಬೀಳುತ್ತದೆ ಎಂದು ಹೇಳಬೇಕಾಗಿಲ್ಲ, ಅಲ್ವಾ?

ಮೊದಲ ಸಮಸ್ಯೆ ಎಚ್ಚರಿಕೆ ಕೊಡುವುದು ಹೇಗೆ ಅನ್ನುವುದು. ನಮ್ಮ ಬಳಗದಲ್ಲಿ ಅಜ್ಜಿಯಂದಿರೂ ಇದ್ದಾರೆ, ಆಗ ತಾನೇ ಡಿಗ್ರಿ ಮುಗಿಸಿದ ಹುಡುಗಿಯರೂ ಇದ್ದಾರೆ. ಇಂಥ ಪುಸ್ತಕವನ್ನು ಏನೂ ಹೇಳದೆ ಕೈಗೆ ಕೊಡುವುದು ನನಗೆ ಸರಿ ಕಾಣಲಿಲ್ಲ. ಎಲ್ಲವನ್ನೂ ಹೇಳಿದರೆ ಮೊದಲ ಚೀಟಿಗೆ ಅರ್ಥವೇ ಇರುವುದಿಲ್ಲ. ಕೊನೆಗೆ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ‘ಇದರಲ್ಲಿ ಒಂದು ಹೆಣ್ಣುಮಗುವಿನ ಮೇಲೆ ದೌರ್ಜನ್ಯ ನಡೆಯುತ್ತದೆ. ಓದಲು ಕಷ್ಟ ಅನ್ನಿಸಿದರೆ ಈ ತಿಂಗಳು ಬಿಡಿ, ಕಾರಣ ಯಾರೂ ಕೇಳುವುದಿಲ್ಲ’ ಎಂದೆ. ಯಾರ ಮೇಲೆ, ಯಾರಿಂದ ಎಂದು ಹೇಳಲಿಲ್ಲ. ಒಬ್ಬರು ಆ ತಿಂಗಳು ಬರಲಿಲ್ಲ. ನಾವೂ ಕೇಳಲಿಲ್ಲ. ಗುಂಪಿನಲ್ಲಿ ಮೆಸೇಜ್ ಹಾಕುವುದಕ್ಕಿಂತ ಹೀಗೆ ಬೇರೆ ಬೇರೆಯಾಗಿ ಹೇಳುವುದು ಒಳ್ಳೆಯದು. ಗುಂಪಿನಲ್ಲಿ ‘ನನಗೆ ಬೇಡ’ ಅನ್ನಲು ಎಲ್ಲರಿಗೂ ಧೈರ್ಯ ಬರುವುದಿಲ್ಲ.

ಎರಡನೆಯ ಸಮಸ್ಯೆ ಆಟ. ನಮ್ಮಲ್ಲಿ ಐಸ್ ಹಾಕಿ ನೋಡಿದವರು ಯಾರಿದ್ದಾರೆ? ಮೊದಲ ಇಪ್ಪತ್ತು ಪುಟ ಓದಿದ ಒಬ್ಬ ಮೇಡಂ, ‘ಹುಲ್ಲಿನ ಮೇಲೆ ಆಡೋದನ್ನೇ ಐಸ್ ಮೇಲೆ ಆಡ್ತಾರೆ, ಅಷ್ಟೇ ತಾನೇ?’ ಎಂದು ಕೇಳಿದರು. ಅಷ್ಟೇ ಅಲ್ಲ. ಒಂದು ಸಂಜೆ ಎಲ್ಲರನ್ನೂ ಕೂರಿಸಿಕೊಂಡು ಒಂದು ಹಳೆಯ ಪಂದ್ಯದ ವಿಡಿಯೋ ಹಾಕಿದೆ. ಒಂದು ಪಂದ್ಯದಲ್ಲಿ ಇಪ್ಪತ್ತು ನಿಮಿಷದ ಮೂರು ಅವಧಿ. ಗೋಲ್‌ಕೀಪರ್ ಸೇರಿ ಒಂದು ಕಡೆ ಆರು ಜನ. ಚೆಂಡಿಲ್ಲ, ಗಟ್ಟಿ ರಬ್ಬರಿನ ಚಪ್ಪಟೆ ಬಿಲ್ಲೆ, ಅದಕ್ಕೆ ಪಕ್ ಅನ್ನುತ್ತಾರೆ. ಆಟಗಾರರು ಮುಕ್ಕಾಲು ನಿಮಿಷ ಜೀವ ಬಿಟ್ಟು ಓಡಿ, ಬೆಂಚಿಗೆ ಬಂದು ಕೂರುತ್ತಾರೆ, ಇನ್ನೊಂದು ಗುಂಪು ಇಳಿಯುತ್ತದೆ. ಆಟ ನಿಲ್ಲುವುದೇ ಇಲ್ಲ. ಬೆಂಚಿನ ಮೇಲೆ ಕೂತ ಹುಡುಗನ ಕಡೆ ಕೋಚ್ ಕೈ ತೋರಿಸುವ ಕ್ಷಣ ಎಷ್ಟು ದೊಡ್ಡದು ಅಂತ ಗೊತ್ತಾಗಬೇಕಾದರೆ ಇದು ಗೊತ್ತಿರಬೇಕು. ಯಾಕೆಂದರೆ ಕಾದಂಬರಿಯಲ್ಲಿ ಅಮಾತ್ ಎಂಬ ಹುಡುಗ ಹಾಗೆ ಕೂತಿರುತ್ತಾನೆ. ಬಡವರ ಕೇರಿಯಿಂದ ಬಂದವನು. ಅವನ ತಾಯಿ ಅದೇ ಅರೀನಾದಲ್ಲಿ ಕಸ ಗುಡಿಸುವ ಕೆಲಸ ಮಾಡುತ್ತಾಳೆ.

‘ಆಟಕ್ಕಾಗಿ ಇಡೀ ಊರು ಹೀಗೆ ಹುಚ್ಚಾಗುತ್ತದಾ? ಇದು ಕಥೆಗಾರರ ಉತ್ಪ್ರೇಕ್ಷೆ’ ಎಂದು ಕೆಲವರು ಆಗಲೇ ತೀರ್ಪು ಕೊಟ್ಟಿದ್ದರು. ಅವರಿಗೆ ನಾನು ಸ್ವೀಡನ್ನಿನ ನಿಜವಾದ ಊರೊಂದರ ಲೆಕ್ಕ ಕೊಟ್ಟೆ. ಲೆಕ್ಸಾಂಡ್ ಅಂತ ಒಂದು ಊರು. ಊರಿನಲ್ಲಿರುವುದು ಸುಮಾರು 6 ಸಾವಿರ ಜನ. ಅಲ್ಲಿನ ಐಸ್ ಹಾಕಿ ಅರೀನಾದಲ್ಲಿ ಹಿಡಿಸುವವರು 7,650 ಜನ. ಊರಿಗಿಂತ ಅರೀನಾ ದೊಡ್ಡದು! ಉತ್ತರದಲ್ಲಿ ಓರ್ನ್‌ಶೋಲ್ಡ್‌ಸ್ವಿಕ್ ಎಂಬ ಇನ್ನೊಂದು ಊರು. ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟು ಇರಬಹುದು. ಪೀಟರ್ ಫೋರ್ಸ್‌ಬರ್ಗ್, ಸೆಡಿನ್ ಅವಳಿ ಅಣ್ಣತಮ್ಮಂದಿರು, ವಿಕ್ಟರ್ ಹೆಡ್ಮನ್ ಎಲ್ಲರೂ ಅಲ್ಲಿಂದ ಹೋಗಿ ಅಮೆರಿಕ ಕೆನಡಾಗಳ ದೊಡ್ಡ ಲೀಗಿನಲ್ಲಿ ಹೆಸರು ಮಾಡಿದವರು. 1994ರ ಚಳಿಗಾಲದ ಒಲಿಂಪಿಕ್ಸ್ ಫೈನಲ್‌ನಲ್ಲಿ ಕೆನಡಾ ವಿರುದ್ಧ ಫೋರ್ಸ್‌ಬರ್ಗ್ ಹೊಡೆದ ಪೆನಾಲ್ಟಿ ಗೋಲು ಸ್ವೀಡನ್ನಿನ ಅಂಚೆಚೀಟಿಯ ಮೇಲೆ ಬಂದಿದೆ. ಇಷ್ಟು ಕೇಳಿದ ಮೇಲೆ ಉತ್ಪ್ರೇಕ್ಷೆಯ ಮಾತು ನಿಂತಿತು.

ಇನ್ನೂ ಒಂದು ತಯಾರಿ ಮಾಡಿದೆ. ಈ ಪುಸ್ತಕದ ಬಗ್ಗೆ ಎಲ್ಲರ ಮೊದಲ ದೂರು ಒಂದೇ: ಹೆಸರುಗಳು ಜಾಸ್ತಿ. ಒಂದು ಡ್ರಾಯಿಂಗ್ ಶೀಟಿನ ಮೇಲೆ ಊರಿನ ನಕ್ಷೆ ಬರೆದೆ. ಮೇಲೆ ಶ್ರೀಮಂತರ ‘ಹೈಟ್ಸ್’, ಕೆಳಗೆ ಬಡವರ ‘ಹಾಲೋ’, ಮಧ್ಯೆ ಪೇಟೆ, ಒಂದು ಅಂಚಿನಲ್ಲಿ ಅರೀನಾ, ಪಕ್ಕದಲ್ಲಿ ಶತ್ರು ಊರು ಹೆಡ್. ಯಾರು ಎಲ್ಲಿ ಇರುತ್ತಾರೋ ಅಲ್ಲಿ ಅವರ ಹೆಸರು. ಹೆಸರನ್ನು ಪಟ್ಟಿ ಮಾಡಿಕೊಟ್ಟರೆ ಮರೆತು ಹೋಗುತ್ತದೆ. ಮನೆ ತೋರಿಸಿ ಹೇಳಿದರೆ ನೆನಪಿರುತ್ತದೆ. ಬೆಂಜಿ ಅಂದರೆ ಕೆವಿನ್‌ನ ಜೀವದ ಗೆಳೆಯ, ಅದೇ ಟೀಮಿನವನು. ‘ಬೆಂಜಿ ಯಾರು?’ ಎಂಬ ಪ್ರಶ್ನೆ ಮತ್ತೆ ಬರಲಿಲ್ಲ.

ಈಗ ಮೊದಲ ಚೀಟಿ. ಸೆಮಿಫೈನಲ್ ಮುಗಿದ ಕೂಡಲೇ, ಪಾರ್ಟಿ ಶುರುವಾಗುವ ಮುಂಚೆ, ಪುಸ್ತಕ ಮುಚ್ಚಿ ಚೀಟಿ ಬರೆದು ಕೊಡಿ ಎಂದಿದ್ದೆ. ಕೆಲವರಿಗೆ ತಡೆಯಲಾಗಲಿಲ್ಲ, ಮುಂದೆ ಓದಿಬಿಟ್ಟರು. ಅವರ ಚೀಟಿ ತೆಗೆದುಕೊಳ್ಳಲಿಲ್ಲ. ಪ್ರಶ್ನೆಗಳು ಸರಳ. ಈ ಊರಿನಲ್ಲಿ ನಿಮಗೆ ಇಷ್ಟವಾದವರು ಯಾರು? ಯಾರನ್ನು ಕಂಡರೆ ಪಾಪ ಅನ್ನಿಸಿತು? ಈ ಹುಡುಗರು ಫೈನಲ್ ಗೆಲ್ಲಬೇಕಾ?

ಬಂದ ಚೀಟಿಗಳಲ್ಲಿ ಹೆಚ್ಚಿನವು ಗೆಲ್ಲಬೇಕು ಅಂದವು. ‘ಆಟ ಅಂದ್ರೆ ನನಗೆ ಅಲರ್ಜಿ’ ಎಂದು ಮೊದಲ ದಿನವೇ ಹೇಳಿದ್ದವರ ಕೈಬರಹ ನನಗೆ ಗೊತ್ತು. ಅವರೂ ‘ಗೆಲ್ಲಲಿ ಪಾಪ’ ಎಂದು ಬರೆದಿದ್ದರು. ಪಾಪ ಅನ್ನಿಸಿದವರು ಯಾರು ಎಂಬ ಪ್ರಶ್ನೆಗೆ ಅಮಾತ್ ಹೆಸರು ಬರುತ್ತದೆ ಅಂತ ಗೊತ್ತಿತ್ತು, ಬಂತು. ಆದರೆ ಅವನ ಪಕ್ಕದಲ್ಲೇ ಕೆವಿನ್ ಹೆಸರೂ ಬಂತು. ಕಾರಣವನ್ನೂ ಬರೆದಿದ್ದರು. ‘ಅಪ್ಪ ಅಮ್ಮ ಮ್ಯಾಚ್ ನೋಡಲು ಬರುವುದೇ ಇಲ್ಲ. ಇಷ್ಟು ದೊಡ್ಡ ಮನೆ, ಒಬ್ಬನೇ ಹುಡುಗ.’ ಕೆಟ್ಟದ್ದನ್ನು ಯಾರು ಮಾಡಬಹುದು ಎಂದು ನಾನು ಕೇಳಿರಲಿಲ್ಲ. ಎಚ್ಚರಿಕೆಯ ಮಾತು ನೆನಪಿದ್ದವರು ತಾವೇ ಊಹಿಸಿ ಬರೆದಿದ್ದರು. ಅವರ ಕೈ ಹೋಗಿದ್ದು ಬೆಂಜಿ ಕಡೆ. ಬೆಂಜಿ ಶಾಲೆ ತಪ್ಪಿಸುತ್ತಾನೆ, ಸೇದುತ್ತಾನೆ, ಹೊಡೆದಾಡುತ್ತಾನೆ. ಇನ್ಯಾರ ಕಡೆ ಹೋಗುತ್ತದೆ ಹೇಳಿ?

ಪುಸ್ತಕ ಮುಗಿದ ಮೇಲೆ ಸೇರಿದ ದಿನ ನಾನು ಮೊದಲು ಮಾಡಿದ ಕೆಲಸ ಈ ಚೀಟಿಗಳನ್ನು ಜೋರಾಗಿ ಓದಿದ್ದು. ಸ್ವಲ್ಪ ನಗು ಬಂತು, ಆಮೇಲೆ ಸಿಟ್ಟು. ‘ನೀವು ಬೇಕಂತಲೇ ನಮ್ಮನ್ನು ಸಿಕ್ಕಿಸಿದ್ರಿ ಸಾರ್’ ಎಂದು ಒಬ್ಬರು ನೇರವಾಗಿ ಹೇಳಿದರು. ಸಿಕ್ಕಿಸಿದ್ದು ನಾನಲ್ಲ, ಬಾಕ್‌ಮನ್. ನನ್ನ ಪ್ರಕಾರ ಈ ಕಾದಂಬರಿಯ ನಿಜವಾದ ಕೆಲಸ ಆ ಮೊದಲ ಭಾಗದಲ್ಲೇ ಇದೆ. ಓದುಗರು ಆ ಭಾಗವನ್ನೇ ಬೈಯುವುದು. ಬಹಳ ನಿಧಾನ, ನೂರಾರು ಪುಟ ಬರೀ ಹಾಕಿ, ಕಥೆ ಶುರುವಾಗುವುದೇ ಇಲ್ಲ ಅಂತ. ಆದರೆ ಆ ಪುಟಗಳಲ್ಲಿ ನಾವು ನಮಗೆ ಗೊತ್ತಿಲ್ಲದ ಹಾಗೆ ಆ ಟೀಮಿನ ಅಭಿಮಾನಿಗಳಾಗಿರುತ್ತೇವೆ. ಆಮೇಲೆ ಊರಿನವರು ಕೆವಿನ್ ಪರ ಮಾತಾಡಿದಾಗ ‘ಎಂಥಾ ಜನ ಇವರು’ ಎಂದು ಬೈಯುವುದು ಅಷ್ಟು ಸುಲಭವಾಗುವುದಿಲ್ಲ. ಅವರ ಕಾರಣಗಳೆಲ್ಲ ನಮಗೆ ಗೊತ್ತಿವೆ. ನಮ್ಮದೇ ಕೈಬರಹದಲ್ಲಿ ಚೀಟಿ ಇದೆ! ಮುಗಿದ ಮೇಲೆ ಒಮ್ಮೆ ಮಾತ್ರ ಅಭಿಪ್ರಾಯ ಕೇಳಿದ್ದರೆ ಇದು ಹೊರಗೆ ಬರುತ್ತಲೇ ಇರಲಿಲ್ಲ. ‘ಕೆವಿನ್ ಮೇಲೆ ನನಗೆ ಮೊದಲಿಂದಲೂ ಅನುಮಾನ ಇತ್ತು’ ಅಂತಲೇ ಎಲ್ಲರೂ ಹೇಳುತ್ತಿದ್ದರು.

ಹಾಗಂತ ನಿಧಾನದ ದೂರು ಸುಳ್ಳಲ್ಲ. ಮಧ್ಯೆ ಬಿಟ್ಟುಬಿಟ್ಟವರೂ ಇದ್ದರು. ಬಾಕ್‌ಮನ್ ಬರವಣಿಗೆಯ ಬಗ್ಗೆ ಬಂದ ಇನ್ನೊಂದು ದೂರನ್ನು ನಾನು ಪೂರ್ತಿ ಒಪ್ಪುತ್ತೇನೆ. ಅವರಿಗೆ ನುಡಿಮುತ್ತು ಉದುರಿಸುವ ಚಟ. ಒಂದು ಒಳ್ಳೆಯ ದೃಶ್ಯ ಬರೆಯುತ್ತಾರೆ, ಕಣ್ಣು ತುಂಬಿಕೊಳ್ಳುವ ಹೊತ್ತಿಗೆ ಕೆಳಗೊಂದು ಉಪದೇಶದ ಸಾಲು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನಮ್ಮ ಸ್ನೇಹಿತರು ಅಂಥ ಸಾಲುಗಳಿಗೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಬಂದಿದ್ದರು. ‘ಇವನ್ನೆಲ್ಲ ತೆಗೆದರೆ ಪುಸ್ತಕ ಕಾಲು ಭಾಗ ಇಳಿಯುತ್ತೆ, ತೂಕ ಜಾಸ್ತಿ ಆಗುತ್ತೆ’ ಎಂದರು. ಆಗ ಡಿಗ್ರಿ ಮುಗಿಸಿದ ಹುಡುಗಿಯೊಬ್ಬಳು ತನ್ನ ಫೋನ್ ತೆಗೆದು ತೋರಿಸಿದಳು. ಅದೇ ಸಾಲುಗಳನ್ನು ಅವಳು ಫೋಟೋ ತೆಗೆದು ಇಟ್ಟುಕೊಂಡಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಈ ಜಗಳ ಬಗೆಹರಿಯುವುದಿಲ್ಲ ಎಂದು ನಾನು ಮುಂದೆ ಹೋದೆ.

ಎರಡನೆಯ ಚೀಟಿಯ ಪ್ರಶ್ನೆಗಳು ಸ್ವಲ್ಪ ಖಾರ. ಕೆವಿನ್‌ನನ್ನು ಬಿಟ್ಟು, ಈ ಊರಿನಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ಯಾರದು? ‘ಎಲ್ಲರದು’, ‘ಸಮಾಜದ್ದು’ ಎಂದು ಬರೆಯಬಾರದು ಅಂತ ಮೊದಲೇ ನಿಯಮ ಹಾಕಿದ್ದೆ. ಎಲ್ಲರದೂ ತಪ್ಪು ಅಂದರೆ ಯಾರದ್ದೂ ಅಲ್ಲ ಅಂದ ಹಾಗೆ. ಒಂದು ಹೆಸರು ಬರೆಯಲೇಬೇಕು.

ಕೆವಿನ್‌ನ ಅಪ್ಪನ ಹೆಸರು ಬಂತು. ಸಾಕ್ಷಿ ಹೇಳಬಲ್ಲ ಒಬ್ಬನೇ ಹುಡುಗ ಅಮಾತ್. ಅವನ ಬಾಯಿ ಮುಚ್ಚಿಸಲು ದುಡ್ಡು ಕೊಡಲು ಬಂದವನು, ತಾಯಿಗೆ ಒಳ್ಳೆಯ ಕೆಲಸ ಕೊಡಿಸುತ್ತೇನೆ ಅಂದವನು ಆತ. ಪೀಟರ್ ಹೆಸರೂ ಬಂತು, ಅದು ಹೆಚ್ಚಾಗಿ ಹೆಂಗಸರಿಂದ ಬಂದಿರಬೇಕು ಎಂದು ನನ್ನ ಅಂದಾಜು. ಮಾತಿಗೆ ಶುರುವಾದಾಗ ಅದು ಖಚಿತವಾಯಿತು. ‘ಮಗಳಿಗೆ ಹೀಗಾಗಿದೆ, ಈತ ಇನ್ನೂ ಕ್ಲಬ್ಬಿನ ಚಿಂತೆ ಮಾಡ್ತಾ ಕೂತಿದಾನೆ. ಹೆಂಡತಿ ಕೀರಾ ಇಲ್ಲದಿದ್ದರೆ ಪೊಲೀಸ್ ಸ್ಟೇಷನ್ ಬಾಗಿಲನ್ನೂ ನೋಡ್ತಿರಲಿಲ್ಲ’ ಎಂದು ಒಬ್ಬರು ಹೇಳಿದರು. ಅದು ಪೀಟರ್‌ಗೆ ಸ್ವಲ್ಪ ಅನ್ಯಾಯ ಅಂತ ನನಗನ್ನಿಸಿತು. ಆದರೆ ಸಂಜೆಯೆಲ್ಲ ಮಾತಾಡಿದರೂ ಅವರು ಒಂದಿಂಚು ಹಿಂದೆ ಸರಿಯಲಿಲ್ಲ.

ನಾನೂ ಒಂದು ಚೀಟಿ ಬರೆದಿದ್ದೆ. ಅದರಲ್ಲಿದ್ದ ಹೆಸರು ಡೇವಿಡ್. ಜೂನಿಯರ್ ಟೀಮಿನ ಕೋಚ್. ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು, ಯಾಕೆಂದರೆ ಇದು ನನ್ನ ವೃತ್ತಿ.

ಡೇವಿಡ್ ಕೆಟ್ಟವನಲ್ಲ. ತೊಂದರೆ ಇರುವುದೇ ಅಲ್ಲಿ. ಹುಡುಗರನ್ನು ಪ್ರೀತಿಸುತ್ತಾನೆ, ಹಗಲು ರಾತ್ರಿ ದುಡಿಯುತ್ತಾನೆ. ತನ್ನ ಕೆಲಸ ಗೆಲ್ಲಿಸುವುದು, ಉಳಿದದ್ದು ತನಗೆ ಸಂಬಂಧವಿಲ್ಲ ಅನ್ನುತ್ತಾನೆ. ಇಂಥವರನ್ನು ನಾನು ತಾಲ್ಲೂಕು ಮಟ್ಟದ ಮೈದಾನದಿಂದ ದಸರಾ ಕ್ರೀಡಾಕೂಟದವರೆಗೆ ಎಲ್ಲ ಕಡೆ ನೋಡಿದ್ದೇನೆ. ಡ್ರೆಸ್ಸಿಂಗ್ ರೂಮಿನಲ್ಲಿ ಹುಡುಗರು ಹುಡುಗಿಯರ ಬಗ್ಗೆ ಆಡುವ ಮಾತು ಕೋಚ್ ಕಿವಿಗೆ ಬೀಳುತ್ತದೆ. ಅವನು ನಕ್ಕರೂ, ಕೇಳದ ಹಾಗೆ ಶೂ ದಾರ ಕಟ್ಟುತ್ತಾ ಕೂತರೂ ಹುಡುಗರಿಗೆ ಸಿಗುವ ಪಾಠ ಒಂದೇ. ಸ್ಟಾಫ್ ರೂಮಿನಲ್ಲೂ ಅಷ್ಟೇ. ‘ಜಿಲ್ಲಾ ಮಟ್ಟ ಇದೆ ಸಾರ್, ಈಗ ಬಿಡಿ, ಆಮೇಲೆ ನೋಡೋಣ’ ಎಂಬ ಮಾತು ಎಷ್ಟು ಸಲ ಕೇಳಿದ್ದೇನೋ. ಹಾಜರಿ ಕಡಿಮೆ ಇದ್ದರೂ, ಚಿಕ್ಕ ಹುಡುಗರಿಗೆ ಹೊಡೆದರೂ, ಮೇಡಂ ಒಬ್ಬರಿಗೆ ಎದುರು ಮಾತಾಡಿದರೂ ಇದೇ ಉತ್ತರ. ಆ ‘ಆಮೇಲೆ’ ಬರುವುದೇ ಇಲ್ಲ. ಜಿಲ್ಲಾ ಮಟ್ಟದ ಹಿಂದೆ ರಾಜ್ಯ ಮಟ್ಟ ಇರುತ್ತದೆ, ಅದರ ಹಿಂದೆ ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆ ಕೆಲಸದ ಆಸೆ ಇರುತ್ತದೆ. ಕೆವಿನ್ ಒಂದೇ ರಾತ್ರಿಯಲ್ಲಿ ಕೆವಿನ್ ಆದವನಲ್ಲ.

ಪುಸ್ತಕದಲ್ಲಿ ಇದಕ್ಕೆ ಎದುರಾಗಿ ಸೂನೆ ಎಂಬ ಮುದುಕ ಕೋಚ್ ಇದ್ದಾನೆ. ಊರಿಗೆ ಅವನು ಬೇಡವಾಗಿದ್ದಾನೆ. ಅವನನ್ನು ಕಿತ್ತುಹಾಕುವ ಕೆಲಸ ಅವನದೇ ಶಿಷ್ಯ ಪೀಟರ್ ತಲೆಗೆ ಬಂದಿದೆ. ಚೀಟಿಗಳಲ್ಲಿ ಸೂನೆ ಎಲ್ಲರಿಗೂ ಇಷ್ಟ. ಆದರೆ ನಿಮ್ಮ ಮಗ ಚೆನ್ನಾಗಿ ಆಡುತ್ತಾನೆ ಅಂದುಕೊಳ್ಳಿ, ಅವನನ್ನು ಯಾವ ಕೋಚ್ ಹತ್ತಿರ ಕಳಿಸುತ್ತೀರಿ ಎಂದು ನಾನು ಕೇಳಿದಾಗ ಉತ್ತರ ಬರಲು ಹೊತ್ತಾಯಿತು. ‘ಡೇವಿಡ್ ಹತ್ತಿರ ಕಳಿಸಿ, ಮನೆಯಲ್ಲಿ ನಾವು ಬುದ್ಧಿ ಹೇಳ್ತೀವಿ’ ಎಂದ ಒಬ್ಬ ಅಪ್ಪನ ಪ್ರಾಮಾಣಿಕತೆ ನನಗೆ ಹಿಡಿಸಿತು. ಉತ್ತರ ಹಿಡಿಸಲಿಲ್ಲ.

ನಮ್ಮ ಬಳಗದಲ್ಲಿ ಕೊಡಗಿನ ಒಬ್ಬರಿದ್ದಾರೆ. ಪುಸ್ತಕ ಅವರಿಗೆ ಬೇರೆಯೇ ರೀತಿಯಲ್ಲಿ ತಟ್ಟಿತು. ‘ಹಾಕಿ ಹುಚ್ಚಿನ ಊರು ಅಂದ್ರೆ ನನಗೆ ಹೇಳಿಕೊಡಬೇಡಿ’ ಎಂದೇ ಶುರು ಮಾಡಿದರು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಈಗ ಎಷ್ಟು ಬೆಳೆದಿದೆ ಅಂತ ಎಲ್ಲರಿಗೂ ಗೊತ್ತು. ಪ್ರತಿ ಟೀಮಿಗೂ ಒಂದು ಮನೆತನದ ಹೆಸರು. ಪ್ರತಿ ವರ್ಷ ಒಂದು ಕುಟುಂಬ ನಡೆಸಿಕೊಡುತ್ತದೆ, ಆ ವರ್ಷದ ಕಪ್ಪಿಗೆ ಅದೇ ಮನೆತನದ ಹೆಸರು. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರಂಥವರನ್ನು ದೇಶಕ್ಕೆ ಕೊಟ್ಟ ನೆಲ ಅದು. ನಮ್ಮ ಕೊಡಗಿನ ಸ್ನೇಹಿತರು ತೋರಿಸಿದ ವ್ಯತ್ಯಾಸ ನನಗೆ ಹೊಳೆದಿರಲಿಲ್ಲ. ‘ನಮ್ಮಲ್ಲಿ ಗೆದ್ದರೆ ಮನೆತನಕ್ಕೆ ಹೆಮ್ಮೆ, ಸೋತರೆ ಮುಂದಿನ ವರ್ಷ. ಗೆದ್ದರೆ ಊರಿಗೆ ಫ್ಯಾಕ್ಟರಿ ಬರುತ್ತೆ ಅಂತ ಯಾರೂ ಕಾಯೋದಿಲ್ಲ. ಬೇರ್‌ಟೌನಿನವರು ಹೊಟ್ಟೆಪಾಡನ್ನು ಹದಿನೇಳು ವರ್ಷದ ಹುಡುಗರ ಹೆಗಲಿಗೆ ಕಟ್ಟಿದಾರೆ. ಅಲ್ಲೇ ಕೆಟ್ಟಿದ್ದು.’ ಆ ಸಂಜೆ ಬಂದ ಅಭಿಪ್ರಾಯಗಳಲ್ಲಿ ಇದೇ ಎಲ್ಲಕ್ಕಿಂತ ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ. ಹುಚ್ಚು ಬೇರೆ, ಬೇರೆ ದಾರಿಯೇ ಇಲ್ಲದಿರುವುದು ಬೇರೆ.

ಒಬ್ಬ ಹಿರಿಯರು ಎಲ್ಲರೂ ಹೆದರಿಕೊಂಡಿದ್ದ ಪ್ರಶ್ನೆ ಕೇಳಿಯೇಬಿಟ್ಟರು. ‘ಆ ಹುಡುಗಿ ಅವತ್ತೇ ಯಾಕೆ ಹೇಳಲಿಲ್ಲ? ಅಷ್ಟು ದಿನ ಯಾಕೆ ಸುಮ್ಮನಿದ್ದಳು?’ ಊರಿನವರು ಕೇಳುವುದೂ ಇದೇ ಪ್ರಶ್ನೆ. ನಾನು ಉತ್ತರ ಕೊಡಲು ಹೋಗಲಿಲ್ಲ. ಬಾಗಿಲ ಹತ್ತಿರ ಕೂತಿದ್ದ ಒಬ್ಬರು, ‘ಅಂಕಲ್, ಹೇಳಿದ ಮೇಲೆ ಏನಾಯ್ತು ಅಂತ ಓದಿದ್ರಲ್ಲ. ಅದು ಅವಳಿಗೆ ಮೊದಲೇ ಗೊತ್ತಿತ್ತು’ ಎಂದರು. ಹಿರಿಯರು ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ಹೇಳಲಾರೆ. ಆದರೆ ಇಂಥ ಪ್ರಶ್ನೆ ಬಂದಾಗ ಕೇಳಿದವರ ಮೇಲೆ ಎಲ್ಲರೂ ಮುಗಿಬೀಳದ ಹಾಗೆ ನೋಡಿಕೊಳ್ಳುವುದು ನಡೆಸಿಕೊಡುವವರ ಕೆಲಸ. ಅವರು ಕೇಳದಿದ್ದರೆ ಆ ಉತ್ತರವೂ ನಮಗೆ ಸಿಗುತ್ತಿರಲಿಲ್ಲ.

ಕಾನೂನಿನ ಮಾತು ಬಂದಾಗ ಬಳಗದ ವಕೀಲರೊಬ್ಬರು ಚೆನ್ನಾಗಿ ಬಿಡಿಸಿ ಹೇಳಿದರು. ಈ ಕಾದಂಬರಿ ಬಂದ ಮೇಲೆ, 2018ರ ಜುಲೈ 1ರಿಂದ, ಸ್ವೀಡನ್ನಿನಲ್ಲಿ ಹೊಸ ಕಾನೂನು ಬಂತು. ಒಪ್ಪಿಗೆ ಇಲ್ಲದಿದ್ದರೆ ಸಾಕು, ಅದು ಅತ್ಯಾಚಾರವೇ. ಬಲ ಪ್ರಯೋಗವನ್ನೋ ಬೆದರಿಕೆಯನ್ನೋ ಬೇರೆಯಾಗಿ ತೋರಿಸಬೇಕಾಗಿಲ್ಲ. ನಮ್ಮಲ್ಲಿ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳು. ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೂ ಅಪರಾಧ. ಮಗುವಿನ ಹೆಸರು, ಶಾಲೆ, ಮನೆ ಯಾವುದನ್ನೂ ಮಾಧ್ಯಮದಲ್ಲಿ ಬಹಿರಂಗ ಮಾಡುವ ಹಾಗಿಲ್ಲ. ಕೆವಿನ್ ಇಲ್ಲಿದ್ದಿದ್ದರೆ ಮೊದಲು ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತಿದ್ದ. 2015ರ ಕಾಯ್ದೆಯ ಪ್ರಕಾರ, ಘೋರ ಅಪರಾಧವಾದರೆ ಹದಿನಾರು ದಾಟಿದವರನ್ನು ದೊಡ್ಡವರ ಹಾಗೆ ವಿಚಾರಣೆ ಮಾಡಬಹುದಾ ಎಂದು ಮಂಡಳಿ ನೋಡುತ್ತದೆ. ‘ಕಾನೂನು ಎಲ್ಲ ಸರಿಯಾಗಿದೆ. ಬೇರ್‌ಟೌನಿನಲ್ಲಿ ಮಾಯಾ ಹೆಸರು ಊರಿಗೆಲ್ಲ ಗೊತ್ತಾಗಲು ಎಷ್ಟು ಹೊತ್ತು ಬೇಕಾಯ್ತು? ನಮ್ಮಲ್ಲೂ ಅಷ್ಟೇ ಹೊತ್ತು’ ಎಂದು ಅವರೇ ಮಾತು ಮುಗಿಸಿದರು.

ಎರಡನೆಯ ಚೀಟಿಯ ಕೊನೆಯ ಪ್ರಶ್ನೆ ಸಭೆಯ ಬಗ್ಗೆ. ಕಾದಂಬರಿಯಲ್ಲಿ ಕ್ಲಬ್ಬಿನ ಸದಸ್ಯರೆಲ್ಲ ಸೇರಿ, ಪೀಟರ್ ಮ್ಯಾನೇಜರ್ ಆಗಿ ಉಳಿಯಬೇಕೋ ಬೇಡವೋ ಎಂದು ಮತ ಹಾಕುತ್ತಾರೆ. ಇದು ಸುಮ್ನೆ ನಾಟಕಕ್ಕೆ ಹುಟ್ಟಿಸಿದ್ದಲ್ಲ. ಸ್ವೀಡನ್ನಿನಲ್ಲಿ ಕ್ಲಬ್ಬುಗಳು ಸದಸ್ಯರ ಸಂಘಗಳು. ಕ್ಲಬ್ಬು ಕಂಪನಿ ಕಟ್ಟಿಕೊಂಡರೂ ಮತದ ದೊಡ್ಡ ಪಾಲು ಸದಸ್ಯರ ಸಂಘದ ಹತ್ತಿರವೇ ಇರಬೇಕು ಎಂಬ ನಿಯಮ ಇದೆ. ಆದ್ದರಿಂದ ಆ ಕೋಣೆಯಲ್ಲಿ ಕೂತವರು ಪ್ರೇಕ್ಷಕರಲ್ಲ, ಯಜಮಾನರು. ಅಲ್ಲಿಗೆ ಅಮಾತ್ ಬಂದು ತಾನು ನೋಡಿದ್ದನ್ನು ಎಲ್ಲರ ಎದುರು ಹೇಳುತ್ತಾನೆ. ನಾನು ಕೇಳಿದ್ದು: ಅಮಾತ್ ಬರುವ ಮುಂಚೆಯೇ ಮತ ಹಾಕಬೇಕಾಗಿದ್ದರೆ ನೀವು ಯಾವ ಕಡೆ?

‘ಪೀಟರ್ ಕಡೆ’ ಎಂದು ಬರೆದವರು ಬಹಳ ಜನ. ಅಷ್ಟು ಹೊತ್ತಿಗೆ ಎಲ್ಲರಿಗೂ ನಿಜ ಗೊತ್ತಿತ್ತಲ್ಲ, ಓದುಗರಿಗೆ ಅದು ಸುಲಭ. ಒಂದು ಚೀಟಿಯಲ್ಲಿ ಮಾತ್ರ ಬೇರೆ ಥರ ಇತ್ತು. ‘ನಾನು ಸಭೆಗೇ ಹೋಗುತ್ತಿರಲಿಲ್ಲ. ಮೈ ಹುಷಾರಿಲ್ಲ ಅಂತ ಹೇಳಿ ಮನೆಯಲ್ಲಿ ಇರುತ್ತಿದ್ದೆ.’ ಅದನ್ನು ಓದಿದಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮುಂದಿನ ಅರ್ಧ ಗಂಟೆ ನಾವು ಮಾತಾಡಿದ್ದು ಕಾದಂಬರಿಯ ಬಗ್ಗೆ ಅಲ್ಲ. ಅಪಾರ್ಟ್‌ಮೆಂಟ್ ಸಂಘಗಳಲ್ಲಿ, ಶಾಲೆಯ ಪೋಷಕರ ಸಭೆಗಳಲ್ಲಿ, ಮದುವೆ ಮನೆಗಳಲ್ಲಿ ಯಾರು ಯಾವಾಗ ಎದ್ದು ಹೊರಗೆ ಹೋದರು ಎನ್ನುವುದರ ಬಗ್ಗೆ. ಆ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಕೊನೆಯ ಬಗ್ಗೆ ಒಮ್ಮತ ಬರಲೇ ಇಲ್ಲ. ಮೊದಲ ಪುಟದಲ್ಲೇ ಒಂದು ಬಂದೂಕು ಬರುತ್ತದೆ. ಯಾರ ಕೈ, ಯಾರ ಹಣೆ ಎಂದು ಬಾಕ್‌ಮನ್ ಕೊನೆಯವರೆಗೂ ಬಚ್ಚಿಡುತ್ತಾರೆ. ಕೆಲವರಿಗೆ ಅದು ಮೋಸ ಅನ್ನಿಸಿತು, ಸಿನಿಮಾದಲ್ಲಿ ಇಂಟರ್ವಲ್‌ಗೆ ಕಾಯಿಸುವ ಥರ. ಇನ್ನು ಕೆಲವರಿಗೆ ಮಾಯಾಗೆ ಕೊನೆಗಾದರೂ ತನ್ನದೇ ಒಂದು ಪುಟ ಸಿಕ್ಕಿತು ಎಂಬ ಸಮಾಧಾನ. ಇಲ್ಲಿಂದಲೇ ಇನ್ನೊಂದು ಟೀಕೆ ಹುಟ್ಟಿತು. ಕಷ್ಟ ಆಗಿದ್ದು ಹುಡುಗಿಗೆ, ಪುಟಗಳೆಲ್ಲ ಗಂಡಸರ ಸಂಕಟಕ್ಕೆ. ಅಪ್ಪನ ಸಂಕಟ, ಕೋಚ್‌ನ ಸಂಕಟ, ಬೆಂಜಿಯ ಸಂಕಟ. ಪುಸ್ತಕ ತೆಗೆದು ನೋಡಿದರೆ ಈ ಮಾತಿನಲ್ಲಿ ತೂಕ ಇದೆ. ಮಾಯಾ ಮತ್ತು ಅವಳ ಗೆಳತಿ ಆನಾ ಇರುವ ಅಧ್ಯಾಯಗಳು ಪುಸ್ತಕದ ಅತ್ಯುತ್ತಮ ಭಾಗಗಳು, ಅವೇ ಕಡಿಮೆ. ಬಾಕ್‌ಮನ್ ಬರೆದದ್ದು ಹುಡುಗಿಯ ಕಥೆಯಲ್ಲ, ಊರಿನ ಕಥೆ ಎಂದು ನಾನು ವಾದಿಸಿದೆ. ‘ಅದನ್ನೇ ನಾವೂ ಹೇಳ್ತಿರೋದು’ ಎಂದು ಉತ್ತರ ಬಂತು.

ಈ ಕಾದಂಬರಿಯ ಮೇಲೆ 2020ರಲ್ಲಿ ಐದು ಕಂತುಗಳ ಟಿವಿ ಸರಣಿಯೂ ಬಂದಿದೆ. ಅದನ್ನು ಮೊದಲು ನೋಡಿ ಬಂದವರ ಮೊದಲ ಚೀಟಿ ಉಪಯೋಗಕ್ಕೆ ಬರುವುದಿಲ್ಲ. ಬೇರೆ ಯಾರಾದರೂ ಈ ರೀತಿ ಮಾಡುವುದಿದ್ದರೆ ಸರಣಿ ಆಮೇಲೆ ನೋಡಿ ಅಂತ ಹೇಳಿಬಿಡಿ. ಚೀಟಿಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿಕೊಂಡು ಓದುವುದೂ ಒಳ್ಳೆಯದು. ಸಣ್ಣ ಬಳಗದಲ್ಲಿ ಕೈಬರಹ ಗುರುತು ಸಿಗುತ್ತದೆ, ಸಭೆಗೇ ಹೋಗುತ್ತಿರಲಿಲ್ಲ ಎಂಬಂಥ ಚೀಟಿ ಬರೆಯಲು ಜನ ಹಿಂಜರಿಯುತ್ತಾರೆ. ಮಧ್ಯದಲ್ಲಿ ನಿಲ್ಲಿಸುವ ಜಾಗವನ್ನು ಪುಟದ ಸಂಖ್ಯೆಯಿಂದ ಹೇಳಬೇಡಿ, ಪ್ರತಿಯಿಂದ ಪ್ರತಿಗೆ ಬದಲಾಗುತ್ತದೆ. ಘಟನೆಯಿಂದ ಹೇಳಿ.

ಹೈಸ್ಕೂಲ್ ಮಕ್ಕಳಿಗೆ ಈ ಪುಸ್ತಕ ಕೊಡಬಹುದಾ ಎಂದು ಒಬ್ಬ ತಾಯಿ ಕೇಳಿದರು. ಮೊದಲು ನೀವು ಓದಿ, ಆಮೇಲೆ ಅವರ ಪಿಟಿ ಮೇಷ್ಟ್ರಿಗೆ ಕೊಡಿ, ಮಕ್ಕಳ ವಿಷಯ ಅದಾದ ಮೇಲೆ ಯೋಚಿಸೋಣ ಎಂದೆ. ಅವರು ನಿಜವಾಗಲೂ ಕೊಟ್ಟಿದ್ದಾರೆ. ಆ ಮೇಷ್ಟ್ರು ನನ್ನ ಹಳೆಯ ಶಿಷ್ಯ. ಸೆಮಿಫೈನಲ್ ತನಕ ಓದಿದ್ದಾನಂತೆ, ಡೇವಿಡ್ ಭಾರಿ ಇಷ್ಟ ಆಗಿದ್ದಾನಂತೆ. ಅಲ್ಲಿಗೇ ನಿಲ್ಲಿಸಿ ಒಂದು ಚೀಟಿ ಬರೆದು ಕಳಿಸು ಎಂದು ಹೇಳಿದ್ದೇನೆ.